ಬಾಡಿ ಇಲ್ಲದ ಜೀಪು, ಮ್ಯಾಲೊಂದು ಹೊರಸು

ಅದನ್ನ ಗುಜರಿಗೆ ಹಾಕು ಅಂತ ನೀನೇನ ಹೊಸದಾಗಿ ಹೇಳಾಕತ್ತಿಲ್ಲ ಸಂಗ್ಯಾ, ನಾ ನಿಮ್ಮಪ್ಪ ಸಾಲಿಗೆ ಹೋಗೂವಾಗಿಂದ ಹೇಳಾಕತ್ತೇನಿ. ಕೇಳ್ಬೇಕಲ್ಲ ಯಾರರೆ! ಜೀಪಂತ ಜೀಪು. ನಿಮ್ಮ ಕಾರು ಕೆಟ್ರ ಶೋರೂಮಿಗೆ ಒಯ್ದು ಒಗದ್ರ ಆತು, ಚಾ ಕುಡಿಯೂದ್ರಾಗ ಮಾಡಿ ಕೊಡ್ತಾರ. ಇದರದ ಹಂಗಲ್ಲ. ಇದರ ಕೆಳಗ ಉದ್ದಕ್ಕೊಂದು ಕಬ್ಬಿಣದ ಏಣಿ ಇದ್ದಂಗ ಐತಿ, ಅದಕ್ಕ ಚೆಸ್ಸಿ ಅಂತಾರ. ಇಂಜಿನ್ನು, ಗೇರು, ಗಾಲಿ, ಸ್ಟೇರಿಂಗು ಎಲ್ಲಾ ಆ ಚೆಸ್ಸಿಗೇ ಕೂಡಿರೂದು. ನಾವು ಕುಂಡ್ರೂ ಬಾಡಿ ಐತೆಲ್ಲ, ಅದನ್ನ ಮ್ಯಾಲ ಇಟ್ಟು ಬೋಲ್ಟ್ ಬಿಗದಾರ, ಅಷ್ಟ. ಸಣ್ಣಪುಟ್ಟದ್ದು ಕೆಟ್ರ ಅಡ್ಡಿಯಿಲ್ಲ. ದೊಡ್ಡದು ಕೆಡ್ತೋ, ಪೂರಾ ಬಾಡಿ ಬಿಚ್ಚಿ ಎತ್ತಿ ಕೆಳಗಿಡಬೇಕು, ಕೆಲಸ ಮಾಡಬೇಕು, ತಿರುಗಿ ಎತ್ತಿ ಇಡಬೇಕು. ನಾ ನಿಮ್ಮಜ್ಜಾರ್ನ ಲಗ್ನಾದಾಗಿಂದ ಹಿಂಗ ಎಷ್ಟ ಸಲ ನೋಡೇನಂತೀ!

ಒಂದ ವರ್ಷ ಏನಾಗಿತ್ತಂದ್ರ, ನಿಂಬಿಕಾಯಿ ಹೇರಿ ಹೇರಿ ಹಿಂದಿನ ಸ್ಪ್ರಿಂಗ್ ಹತ್ರ ಚೆಸ್ಸಿನs ಬಿರಿದಿತ್ತು. ನಮ್ಮ ತ್ವಾಟದಿಂದ ಡಾಂಬರ ರಸ್ತೆ ಮಟಾ ಎರಿ ಭೂಮಿ, ಗೊತ್ತೈತಲ್ಲ, ಮಳಿ ಬಂತಂದ್ರ ಚಪ್ಪಲಿ ಕಾಲಾಗ ಉಳ್ಯಂಗಿಲ್ಲ, ನಾಕೂ ಗಾಲಿ ಎಳಿಯೂ ಫೋರ್ ವ್ಹೀಲ್ ಇಲ್ಲದ ಗಾಡಿ ಬರಂಗಿಲ್ಲ. ಅದಕ್ಕ ಮಳಿಗಾಲ ಬರೂದ್ರೊಳಗ ರಿಪೇರಿ ಆಗ್ಬೇಕು ಅಂತ ನಾ ಬೆನ್ನ ಹತ್ತಿದ್ದೆ. ಸಿಂದಗಿಯಿಂದ ಮೈಬೂಬ ಮಿಸ್ತ್ರಿ ಬಂದ. "ಬಾಡಿ ಎತ್ತದ ವೆಲ್ಡಿಂಗ್ ಆಗಂಗಿಲ್ರಿ ಅಕ್ಕಾರ" ಅಂದ. ಎತ್ತಪಾ ಅಂದೆ. ಎತ್ತೂದೆಲ್ಲೆ! ಬೋಲ್ಟ್ ಎಲ್ಲಾ ಜಂಗು ಹಿಡದು ಕಲ್ಲಾಗ್ಯಾವ. ಒಂದಕ್ಕ ಎಣ್ಣಿ ಬಿಟ್ಟು ಕಾಯಬೇಕು, ಒಂದನ್ನ ಕಾಸಬೇಕು, ಒಂದು ತಿರುವಿದ್ರ ಕಟ್ಟನ ಮುರೀತು. ವೈರ್ ಬಿಚ್ಚು, ಪೈಪ್ ಬಿಚ್ಚು, ಡೀಸೆಲ್ ಟಾಕಿ ಬಿಚ್ಚು. ಸುತ್ತಿನ ತ್ವಾಟದ ವಸ್ತಿ ಗಂಡಸ್ರೆಲ್ಲಾ ಕೂಡಿ "ಹಾಂ... ಎತ್ತು!" ಅಂತ ಬಾಡಿ ಎತ್ತಿ ಬೇವಿನ ಗಿಡದ ಬುಡಕ ಇಟ್ರು. ಕೋಳಿ ಹೋಗಿ ಅದರಾಗ ತತ್ತಿ ಇಡಾಕತ್ವು. ಅಂಗಳದ ತುಂಬ ನಟ್ಟು, ಬೋಲ್ಟು, ಕರಿ ಎಣ್ಣಿ. ನಾ ರಂಗೋಲಿ ಹಾಕೂದs ಬಿಟ್ಟೆ.

ಅಂತೂ ಮಿಸ್ತ್ರಿ ವೆಲ್ಡಿಂಗ್ ಮಾಡ್ದ, ಬ್ರೇಕು ಜೋಡಿಸ್ದ. ಬಾಡಿ ಇಡೂದು ಒಂದs ಉಳಿದಿತ್ತು. ಮರುದಿನ ಮುಂಜಾನೆ ವಸ್ತಿ ಮಂದಿ ಎಲ್ಲಾ ಬಂದು ನಿಂತ್ರು, ಚಾ ಕುಡದ್ರು, ತೋಳು ಮ್ಯಾಲ ಮಾಡ್ಕೊಂಡ್ರು. ಅಷ್ಟೊತ್ತಿಗೆ ನಿಮ್ಮಜ್ಜಾರು ಒಳಗಿಂದ ಬಂದು ಏನಂದ್ರು ಗೊತ್ತೈತೇನು? "ಇವತ್ತ ಸೋಮವಾರ. ಗಾಡಿ ಹೂಡೂದಿಲ್ಲ."

ನಗ್ತೀರಿ ನೀವು ಮೊಮ್ಮಕ್ಕಳು, ಸಂಗ್ಯಾನೂ ಗೌರೀನೂ. ಬಸವನ ಬಾಗೇವಾಡಿ ಕಡಿ ಮನಿತನ ನೋಡು ಅವರದು, ಸೋಮವಾರ ಅಂದ್ರ ಬಸವಣ್ಣನ ದಿನಾ, ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಖರೇನ, ಬ್ಯಾಡ ಅನ್ನಂಗಿಲ್ಲ ನಾ, ನಾನೂ ಕೈ ಮುಗೀತೇನಿ. ಆದ್ರ ಎತ್ತು ಮಾರಿ ಯಾವ ಕಾಲಾತು! ಎತ್ತು ಮಾರಿದ್ರು, ಬಂಡಿ ಮಾರಿದ್ರು, ಸೋಮವಾರ ಒಂದು ಮಾರ್ಲಿಲ್ಲ. ಅದನ್ನ ತಂದು ಜೀಪಿಗೆ ಕಟ್ಟಿದ್ರು. "ಅದೂ ನಮ್ಮ ಭಾರಾ ಹೊರ್ತೈತಿ, ಅದಕ್ಕೂ ಒಂದಿನ ಬಿಡುವು ಬ್ಯಾಡೇನು?" ಅಂತಾರ. "ಬರೇ ಬಾಡಿ ಇಡ್ರಿ, ಹೊಡೀಬ್ಯಾಡ್ರಿ" ಅಂದೆ. "ಮ್ಯಾಲ ಭಾರಾ ಇಟ್ಟಂಗ ಆಗ್ಲಿಲ್ಲೇನು?" ಅಂದ್ರು. ಮಿಸ್ತ್ರಿ ನನ್ನ ಮಾರಿ ನೋಡ್ದ, ನಾ ಮಿಸ್ತ್ರಿ ಮಾರಿ ನೋಡ್ದೆ. ಮಂದಿ ಚಾ ಕುಡದು ಹಂಗ ಹೊಳ್ಳಿ ಹೋದ್ರು.

ಮಂಗಳವಾರ ನಸಿಕಿನ್ಯಾಗ ಮಳಿ ಹಿಡೀತು. ಎಂಥಾ ಮಳಿ ಅಂತೀ, ತ್ವಾಟದ ದಾರಿ ಪೂರಾ ಕೆಸರು. ಮಿಸ್ತ್ರಿ ಬರಂಗಿಲ್ಲ, ಮಂದಿ ಬರಂಗಿಲ್ಲ. ನಾ ಬೈಕೋತ ರೊಟ್ಟಿ ಬಡ್ಯಾಕತ್ತೇನಿ, ಹೊರಗ ಬಂದು ನೋಡಿದ್ರ ಪಡಸಾಲ್ಯಾಗ ನಿಮ್ಮಜ್ಜಾರು ಹೊಟ್ಟಿ ಹಿಡಕೊಂಡು ಮುದ್ದಿ ಆಗಿ ಬಿದ್ದಾರ! ಮೈಯೆಲ್ಲಾ ಬೆವರು, ಮಾರಿ ಬೆಳ್ಳಗಾಗೈತಿ. "ಯಾವಾಗಿಂದರಿ?" ಅಂದೆ. "ನಿನ್ನಿಯಿಂದ ಸಣ್ಣಗ ನೂಸಾಕತ್ತಿತ್ತು, ಹೇಳಿದ್ರ ನೀ ಒದರ್ತಿದ್ದಿ" ಅಂದ್ರು. ನೋಡ್ರಿ! ನನ್ನ ಮ್ಯಾಲೇ ಹಾಕಿದ್ರು. ಫೋನ್ ಹಚ್ಚಿದ್ರ ಮಳ್ಯಾಗ ಸಿಗ್ನಲ್ ಇಲ್ಲ. ನಿಮ್ಮಪ್ಪ ಆಗ ಕೆಲಸಕ್ಕಂತ ಊರ ಬಿಟ್ಟಿದ್ದ. ಬಾಜೂ ತ್ವಾಟದ ಮಲ್ಲಪ್ಪನ ಟ್ರ್ಯಾಕ್ಟರ್ ಬಾಡಿಗಿ ಹೋಗಿತ್ತು. ಇವರು ನನ್ನ ಕಣ್ಣ ಮುಂದ ಹೋಗ್ತಾರ ಅಂತ ಖರೇ ಅನಸ್ತು.

ಹೊರಗ ನೋಡ್ತೇನಿ, ಅಂಗಳದಾಗ ಆ ಚೆಸ್ಸಿ ನಿಂತೈತಿ. ಇಂಜಿನ್ ಐತಿ, ಗಾಲಿ ಐತಿ, ಬ್ರೇಕ್ ಐತಿ. ಇಲ್ಲದ್ದು ಏನು? ನಾವು ಕುಂಡ್ರೂ ಜಾಗಾ. ಅಷ್ಟ ಅಲ್ಲೇನು! ಮಲ್ಲಪ್ಪನ್ನ, ಅವನ ಹೇಂತಿ ಶಾಂತವ್ವನ್ನ ಕೂಗಿ ಕರದೆ. ಅಜ್ಜಾರು ಮಲಗೂ ಹೊರಸು ತಂದು ಚೆಸ್ಸಿ ಮ್ಯಾಲ ಇಟ್ಟು ಹಗ್ಗದಿಂದ ಬಿಗದ್ವಿ. ಅದರ ಮ್ಯಾಲ ಅಜ್ಜಾರ್ನ ಮಲಗಿಸಿ ತಾಡಪತ್ರಿ ಹೊಚ್ಚಿದ್ವಿ. ಮಿಸ್ತ್ರಿ ಇಂಜಿನ್ ಚಾಲೂ ಮಾಡಿ ನೋಡಾಕ ಒಂದು ಕ್ಯಾನಿನ್ಯಾಗ ಡೀಸೆಲ್ ಹಾಕಿ ಪೈಪ್ ಬಿಟ್ಟಿದ್ದ, ಆ ಕ್ಯಾನ್ ಶಾಂತವ್ವನ ಮಡಿಲಾಗ. ಮಲ್ಲಪ್ಪ ಹೊರಸು ಹಿಡಕೊಂಡ. ನಾ ಗೊಬ್ಬರ ಚೀಲದಾಗ ಹೊಟ್ಟು ತುಂಬಿ ಅದರ ಮ್ಯಾಲ ಕುಂತೆ, ಸೀರಿ ಕಚ್ಚಿ ಹಾಕ್ಕೊಂಡು. ಮುದ್ದೇಬಿಹಾಳದಾಗ ತವರಮನ್ಯಾಗ ಟ್ರ್ಯಾಕ್ಟರ್ ಹೊಡದಾಕಿ ನಾ, ಹೆದರ್ಲಿಲ್ಲ. ಹೆದರ್ಲಿಲ್ಲ ಅಂದ್ರ ಸುಳ್ಳಾಕ್ಕೈತಿ, ಹೆದರಿದ್ದೆ, ಆದ್ರ ಸಿಟ್ಟು ಅದಕಿಂತ ಜಾಸ್ತಿ ಇತ್ತು.

ಆ ಕೆಸರಿನ್ಯಾಗ ಮುಂದಿನ ಗಾಲಿ ಎಬ್ಬಿಸಿದ ರಾಡಿ ಎಲ್ಲಾ ನನ್ನ ಮಾರಿಗೆ. ಅಡ್ಡ ತಡಿಯಾಕ ಬಾಡಿನs ಇಲ್ಲಲ್ಲ! ಹಿಂದಿಂದ ಅಜ್ಜಾರು ನರಳ್ಕೋತ, "ಏ... ಸೆಕೆಂಡ್ ಹಾಕಬ್ಯಾಡ, ಫಸ್ಟಿನ್ಯಾಗ ಬಿಡು... ಏ, ಕ್ಲಚ್ ಮ್ಯಾಲ ಕಾಲಿಡಬ್ಯಾಡ, ಪ್ಲೇಟ್ ಸುಡ್ತೈತಿ." "ಸುಡ್ಲಿ! ಸುಮ್ಮ ಮಲಕ್ಕೋರಿ!" ಅಂತ ನಾ. ಶಾಂತವ್ವ "ಬಸವಣ್ಣಾ, ಬಸವಣ್ಣಾ" ಅಂತಾಳ, ಮಲ್ಲಪ್ಪ ಹಳ್ಳಾ ಬಂದಾಗ ಕಣ್ಣ ಮುಚ್ಚಿದ. ಡಾಂಬರಕ್ಕ ಹತ್ತಿದ ಮ್ಯಾಲ ಬಸ್ಸಿನ ಮಂದಿ ಕಿಡಕ್ಯಾಗ ತಲಿ ಹಾಕಿ ನೋಡಾಕತ್ರು. ದಾರಿ ಬಿಡ್ಲಿ ಅಂತ ನಾ ಹಾರ್ನ್ ಹುಡುಕ್ತೇನಿ, ಹಾರ್ನ್ ಎಲ್ಲೈತಿ, ಅದು ಬೇವಿನ ಗಿಡದ ಬುಡಕ ಐತಿ! ಬಾಯಿಲೇ ಒದರ್ಕೋತ ಇಂಡಿ ದವಾಖಾನಿ ಮಟಾ ಹೋದೆ.

ಅಪೆಂಡಿಕ್ಸ್, ಒಡ್ಯೂದ್ರಾಗಿತ್ತು ಅಂದ್ರು ಡಾಕ್ಟರು. ಒಳಗ ಒಯ್ದು ಕೊಯ್ದ್ರು. ನಾ ಹೊರಗ ಬಾಕಿನ ಮ್ಯಾಲ ರಾಡಿ ಮೈಲೇ ಕುಂತು ಅತ್ತೆ, ಸಿಟ್ಟಿಲೇ ಅತ್ತೆ. ಉಳದು ಬರ್ಲಿ, ಆಮ್ಯಾಲ ನಾನs ಕೊಲ್ತೇನಿ ಅಂತ ಅತ್ತೆ. ಸಂಜೀಕ ಕಣ್ಣ ಬಿಟ್ರು. ನಾ ಕೈ ಹಿಡಕೊಂಡು ಬಗ್ಗಿದೆ, ಏನರೆ ಛಂದಾಗಿ ಅಂತಾರ ಅಂತ. ತುಟಿ ಅಳ್ಳಾಡಿಸಿ ಕೇಳಿದ್ರು, "ಡಾಂಬರಕ್ಕ ಹತ್ತಿದ ಮ್ಯಾಲ ಫೋರ್ ವ್ಹೀಲ್ ತಗದ್ಯೋ ಇಲ್ಲೋ?"

"ತಗದಿಲ್ಲ! ಹಂಗ ಹೊಡಕೊಂಡ ಬಂದೇನಿ!" ಅಂದೆ.

ಕಣ್ಣ ಮುಚ್ಚಿದ್ರು. ನಾ ಡಾಕ್ಟರ್ನ ಕೂಗಾಕ ಎದ್ದೆ. ಆಮ್ಯಾಲ ಸಣ್ಣಗ ಅಂದ್ರು, "ಡಾಂಬರದಾಗ ಹಂಗ ಹೊಡದ್ರ ಗೇರು ಹೋಗಿರ್ತಾವ ಬಿಡು. ಛಲೋನ ಆತು. ಬಾಡಿ ಇನ್ನಾ ಇಟ್ಟಿಲ್ಲ, ಗೇರು ಮಾಡ್ಸಾಕ ತಿರುಗಿ ಬಿಚ್ಚೂದು ತಪ್ತು."

ಏನ ಮಾಡ್ತೀ ಇಂಥವರಿಗೆ! ಅದಕ್ಕ ಹೇಳ್ತೇನಿ, ಹೊಟ್ಟಿ ನೂಸಿದ್ರ ಬಾಯಿಬಿಟ್ಟು ಹೇಳ್ರಿ. ಮನ್ಯಾಗಿನಾಕಿ ಒದರಿದ್ರ ಒದರ್ಲಿ, ಒದರಿಸಿಕೊಂಡು ಯಾರೂ ಸತ್ತಿಲ್ಲ. ಏಳ್ರಿ ಇನ್ನ, ರೊಟ್ಟಿ ಆರಿ ಹೋಗ್ತಾವ.