ಪಕ್ಕದ ಸೀಟಿನ ಬೆಲ್ಟು

ಮುಟ್ಟಬೇಡಿ ಯಜಮಾನ್ರೇ, ವೈರು ಹಂಗೇ ಇರ್ಲಿ... ಒಂದು ತುದಿ ಸ್ಟೇರಿಂಗ್ ಕೆಳಗೆ ಸಿಗಿಸಿದೀನಿ, ಇನ್ನೊಂದು ತುದಿ ಈ ಲ್ಯಾಪ್‌ಟಾಪ್‌ಗೆ. ಗಾಡಿ ತನ್ನ ಕಾಯಿಲೇನ ತಾನೇ ಹೇಳ್ಕೊಳ್ತೈತೆ. ಯಾಕೆ ನಗ್ತೀರಿ? ಹಳೇ ಮೆಕ್ಯಾನಿಕ್ಕು ಬಾನೆಟ್ ಎತ್ತಿ ಕಿವಿ ಕೊಡ್ತಿದ್ದ, ಈ ಕಾಂತೇಶ ಸ್ಕ್ರೀನಿಗೆ ಕಣ್ಣು ಕೊಡ್ತಾನೆ, ಅಷ್ಟೇ ಕಣ್ರೀ.

ಕೂತ್ಕೊಳಿ. ಎಳನೀರು ತರಿಸ್ಲಾ? ಬೇಡ್ವಾ... ತೋಟದೋರಿಗೆ ಎಳನೀರು ಕೇಳ್ತೀನಲ್ಲ, ನನ್ನ ಬುದ್ಧಿಗಿಷ್ಟು.

ನೋಡಿ, ಈಗ ಕೆಂಪಕ್ಷರ ಒಂದೂ ಇಲ್ಲ. ಹೋದ ವಾರ ನಿಮ್ಮ ಮಗಳು ಸೌಮ್ಯ ಅವ್ರು ತಂದು ಬಿಟ್ಟಾಗ ಮೂರಿದ್ವು. ಗಾಡಿ ಎಳೀತಿಲ್ಲ, ಹೊಗೆ ಬುಡ್ತೈತೆ ಅಂದ್ರು. ಡೀಸೆಲ್ ಎಷ್ಟು, ಗಾಳಿ ಎಷ್ಟು, ಎಲ್ಲ ಇದರಲ್ಲೇ ತಿದ್ದಿದೀನಿ. ಭಾನುವಾರ ಅವ್ರಿಗೆ ಗಂಡು ನೋಡಕ್ಕೆ ಹಾಸನಕ್ಕೆ ಹೋಗ್ಬೇಕಲ್ಲ, ಆರಾಮಾಗಿ ಹೋಗ್ಬನ್ನಿ. ಒಳ್ಳೇ ಸಂಬಂಧ ಅಂತೆ... ನಂಗೆ ಯಾರು ಹೇಳಿದ್ದಾ? ಯಾರೋ ಅಂದ್ರು.

ಇದಾ? ಬುಧವಾರ ಓಡಿಸಿ ನೋಡಿದ್ದು. ಟ್ಯೂನ್ ಮಾಡಿದ್ಮೇಲೆ ಲ್ಯಾಪ್‌ಟಾಪ್ ಸಿಗಿಸ್ಕೊಂಡೇ ಒಂದು ರೌಂಡು ಹೋಗ್ಬೇಕು, ಎಲ್ಲ ಬರ್ಕೊಳ್ತೈತೆ. ಹಸಿರು ಗೆರೆ ಸ್ಪೀಡು, ನೀಲಿ ಇಂಜಿನ್ನು, ಪಕ್ಕದಲ್ಲಿ ಮ್ಯಾಪು. ಹಾಲ್ಕುರಿಕೆ ದಾಟಿ ಆ ಏರು ಹೆಂಗೆ ಹತ್ತೈತೆ ನೋಡಿ.

ಆ ಹಳದಿ ಗೆರೆ... ಅದೇನಿಲ್ಲ ಬುಡಿ. ಪಕ್ಕದ ಸೀಟಿನ ಬೆಲ್ಟು. ಹಾಕಿದ್ರೆ ಮೇಲೆ, ತೆಗೆದ್ರೆ ಕೆಳಗೆ.

ಹೌದು, ಹಾಕಿತ್ತು. ಯಾರೂ ಇರ್ಲಿಲ್ಲ, ಕಾಯಿಮೂಟೆ. ನೀವೂ ಮಾಡ್ತೀರಲ್ಲ... ಮುಂದಿನ ಸೀಟಲ್ಲಿ ಮೂಟೆ ಇಟ್ರೆ ಗಾಡಿ ಕುಂಯ್ ಕುಂಯ್ ಅಂತೈತೆ, ಬಾಯಿ ಮುಚ್ಚಿಸಕ್ಕೆ ಮೂಟೆಗೇ ಬೆಲ್ಟ್ ಹಾಕದು. ನಮ್ಮ ಕಡೆ ಜನಕ್ಕಿಂತ ಮೂಟೆಗಳೇ ಜಾಸ್ತಿ ಬೆಲ್ಟ್ ಹಾಕದು!

ಎಲ್ಲಿ? ಹಾ... ಇಲ್ಲಿ ಕೆಳಗೆ ಬಂದೈತೆ. ಹಂದನಕೆರೆ, ನಮ್ಮೂರು. ಅವ್ವನಿಗೆ ಅಂತ ಮೂಟೆ ಇಳಿಸ್ದೆ. ಐವತ್ತು ನಿಮಿಷ ಗಾಡಿ ನಿಂತಿತ್ತು. ಆಮೇಲೆ... ಹೌದಲ್ವಾ. ಮತ್ತೆ ಮೇಲೆ ಹೋಗೈತೆ. ವಾಪಸ್ ಇಲ್ಲಿ ತಿಪಟೂರಿನ ತಂಕ.

ವಾಪಸ್ ತಂದೆ ಮೂಟೇನ. ಕಾಯಿ ಸಣ್ಣ ಅಂದ್ಲು ಅವ್ವ.

ಇನ್ನೂ ಮುಂದಕ್ಕೆ ಎಳೀಬೇಡಿ ಯಜಮಾನ್ರೇ. ನಿಮ್ಮ ಬೀದಿ ತುದೀಲಿ ಗಾಡಿ ನಿಂತು, ಬೆಲ್ಟು ಕೆಳಗೆ ಬಂದೈತೆ. ಗೊತ್ತು ನಂಗೆ.

ಎದ್ದೇಳ್ಬೇಡಿ, ಕೂತ್ಕೊಳಿ. ಆಗ್ಲೇ ನಗ್ತಿದ್ರಿ...

ಹೂಂ. ಮೂಟೆ ಅಲ್ಲ. ಸೌಮ್ಯ.

ಎರಡು ವರ್ಷ ಆಯ್ತು. ನಿಮ್ಮ ಜನ ಬೇರೆ, ನಮ್ಮ ಜನ ಬೇರೆ, ಅದು ಗೊತ್ತಿದ್ದೇ... ಭಾನುವಾರದೊಳಗೆ ಅಪ್ಪಂಗೆ ಹೇಳಣ ಅಂತ ಅವಳು, ಮೊದ್ಲು ಗಾಡಿ ರೆಡಿಯಾಗ್ಲಿ ಅಂತ ನಾನು. ಹೆದರ್ಕಂಡಿದ್ದೆ ಕಣ್ರೀ. ಅವಳನ್ನ ಇನ್ನೊಬ್ಬರ ಮನೆಗೆ ಕೊಡಕ್ಕೆ ಹೋಗೋ ಗಾಡೀನ ನನ್ನ ಕೈಯಾರೆ ಸರಿ ಮಾಡ್ದೆ.

ಅವತ್ತು ನಮ್ಮನೇಲಿ ಉಂಡ್ಲು. ಹೊರಡೋವಾಗ ಅವ್ವ ಕುಂಕುಮ ಇಟ್ಟು, ಅಕ್ಕಿ, ಬೆಲ್ಲ, ಕಾಯಿ ಹಾಕಿ ಮಡಿಲು ತುಂಬಿದ್ಲು. ಸೊಸೆಗೆ ತುಂಬೋ ಹಂಗೆ. ನಾನು ಬೇಡ ಅನ್ನಲಿಲ್ಲ ಯಜಮಾನ್ರೇ. ಸೌಮ್ಯನೂ ಅನ್ನಲಿಲ್ಲ.