ಹೊಳೆ ಉಕ್ಕಿದಾಗ ಬಂದ ಫೋನು

ಇದು ಮಾಂಬಳ್ಳೀಲಿರೋ ನಮ್ಮ ಚಿಕ್ಕಮ್ಮನ ಮಗಳು ಕವಿತಂಗೆ ಆದದ್ದು. ಕಟ್ಟಿದ ಕಥೆ ಅನ್ಕೋಬೇಡಿ.

ಹೊಳೆ ಉಕ್ಕಿದ ವರ್ಷ. ತೋಟದ ಮನೆಗಳಲ್ಲಿದ್ದೋರು ದಿಕ್ಕಿಗೊಬ್ಬರಾಗಿದ್ರು. ಶಾಲೇಲಿ ಗಂಜಿ ಕೇಂದ್ರ. ಕವಿತ ಅಲ್ಲಿ ಬಂದೋರ ಫೋಟೋ ತೆಗೆದು, ಯಾರು ಯಾರನ್ನ ಹುಡುಕ್ತಾವ್ರೆ ಅಂತ ಬರೆದು, ತನ್ನ ನಂಬರ್ ಹಾಕಿ, ಯಳಂದೂರು ಕೊಳ್ಳೇಗಾಲದ ವಾಟ್ಸಾಪ್ ಗ್ರೂಪಿಗೆಲ್ಲ ಕಳಿಸೋಳು. ಎಷ್ಟೋ ಜನ ಹಂಗೇ ಒಂದಾದ್ರು. ಚಿಕ್ಕಸಿದ್ದಯ್ಯ ಅನ್ನೋ ಮುದುಕನಿಗೆ ಮಾತ್ರ ಏನೂ ಸುದ್ದಿಯಿಲ್ಲ. ಹೆಂಡತಿ ಶಿವನಂಜಮ್ಮ, ಮೊಮ್ಮಗಳು ದೀಪ... ಇಬ್ಬರೂ ಹಿಂದಿನ ದಿನದಿಂದ ನಾಪತ್ತೆ. ಅವನು ಕವಿತನ ಮೊಬೈಲನ್ನೇ ನೋಡ್ತಾ ಕೂತಿದ್ದ.

ರಾತ್ರಿ ಅವಳು ಮನೆಗೆ ಹೊರಟ್ಲು. ದಾರೀಲಿ ಆಲದ ಮರ, ಅದರಡಿ ಹಾಳುಬಾವಿ. ಕರೆಂಟಿಲ್ಲ. ಎಲೆಯಿಂದ ನೀರು ತೊಟ್... ತೊಟ್... ಕಪ್ಪೆಗಳ ವಟವಟ. ಬಾವಿ ಹತ್ರ ಬರ್ತಿದ್ದಂಗೆ ಕಪ್ಪೆ ಸದ್ದು ನಿಂತೋಯ್ತು.

ಕೈಲಿದ್ದ ಫೋನು ಗುರ್... ಅಂತು.

"ಅಲೋ..."

ಆ ಕಡೆ ನೀರು. ಬುಳುಬುಳು... ಬುಳುಬುಳು... ಆಮೇಲೆ ಹೆಂಗಸಿನ ಪಿಸುದನಿ.

"ದೀಪ ತೆಂಗಿನ ತೋಪಿನ ಪಂಪ್‌ಸೆಟ್ ಮನೆ ಮ್ಯಾಲವ್ಳೆ ಕಣವ್ವ. ನಡುಗ್ತಾವ್ಳೆ. ಬಿರ್ನೆ ಬನ್ನಿ."

"ನೀವ್ಯಾರವ್ವ?"

"ಅವಳಜ್ಜಿ."

"ನೀವೂ ಅಲ್ಲೇ ಇದ್ದೀರಾ?"

ಮತ್ತೆ ಬುಳುಬುಳು...

"ನಾನು ವಸಿ ಕೆಳಗಿವ್ನಿ."

ಕಟ್ಟಾಯ್ತು. ಕವಿತ ತಿರುಗಿ ಶಾಲೆಗೆ ಓಡಿದ್ಲು. ಹರಿಗೋಲು ಹಾಕೋ ಮಹದೇವಸ್ವಾಮಿಯನ್ನ ಎಬ್ಬಿಸಿ ಹೇಳಿದ್ಲು. ಪಕ್ಕದಲ್ಲೇ ಮಲಗಿದ್ದ ಚಿಕ್ಕಸಿದ್ದಯ್ಯ ಎದ್ದು ಕೂತ.

"ಅವ್ಳು ಫೋನ್ ಮಾಡಿದ್ಲಾ? ಅವ್ಳಿಗೆ ಮೊಬೈಲ್ ಒತ್ತೋಕೇ ಬರಾಕಿಲ್ವಲ್ಲವ್ವ..."

ಮಹದೇವಸ್ವಾಮಿ ಬ್ಯಾಟರಿ ತಕ್ಕೊಂಡು ಹೊರಟ.

ದೀಪ ಸಿಕ್ಕಿದ್ಲು. ಪಂಪ್‌ಸೆಟ್ ಮನೆಯ ತಾರಸಿ ಮೇಲೆ ಮೊಣಕಾಲು ತಬ್ಬಿ ಕೂತಿದ್ಲು, ಜೀವಂತವಾಗಿ. ಬೆಳಗಾಗೋವರೆಗೂ ತಾತ ಅವಳನ್ನ ಮಡಿಲಿಂದ ಇಳಿಸಲಿಲ್ಲ.

ನೀರಿಳಿದ ಮೇಲೆ ಶಿವನಂಜಮ್ಮ ಸಿಕ್ಕಿದ್ದು ಅದೇ ಮನೆಯ ಗೋಡೆ ಬುಡದಲ್ಲಿ, ಕೆಸರಲ್ಲಿ. ಹೊಳೆ ಉಕ್ಕಿದ ಸಂಜೇನೇ ಜೀವ ಹೋಗಿದೆ ಅಂದ್ರು ಡಾಕ್ಟ್ರು. ಅಂದ್ರೆ ಫೋನು ಬರೋದಕ್ಕೆ ಒಂದು ದಿನ ಮುಂಚೆ.

ಕವಿತಂಗೆ ಈಗಲೂ ನಿದ್ದೆ ಸರಿಯಿಲ್ಲ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಅಲೋ ಅನ್ನಲ್ಲ. ಉಸಿರು ಹಿಡಿದು, ಮೊದಲು ಆ ಕಡೆ ನೀರಿನ ಸದ್ದಿದೆಯಾ ಅಂತ ಕೇಳಿಸ್ಕೋತಾಳೆ.

ನಂಬದಿದ್ರೆ ಬಿಡಿ. ಮಹದೇವಸ್ವಾಮಿ ಮಾಂಬಳ್ಳೀಲೇ ಅವನೆ, ಹೋಗಿ ಕೇಳಿ. ಮಗೂನ ಹರಿಗೋಲಿಗೆ ಎತ್ತಿಕೊಂಡೋನು ಅವನೇ. ಬಟ್ಟೆಯೆಲ್ಲ ನೆಂದು ತೊಪ್ಪೆಯಾಗಿತ್ತಂತೆ. ತಲೆ ಮಾತ್ರ ಒಣಗಿತ್ತು... ಆಗಷ್ಟೇ ಯಾರೋ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿದಂಗಿತ್ತು.