ಹಿಂದಿನ ಬೆಂಚಿನ ಮದುಮಗ

ಕೊಟ್ಟ ಭರವಸೆಗಳು ಇವು. ಮೀಸೆ ಬರಲಿ, ಆಮೇಲೆ ಮಾತನಾಡುವೆಯಂತೆ ಎಂದಿರಿ. ಮೀಸೆ ಬಂತು. ಮದುವೆಯಾಗಲಿ ಎಂದಿರಿ. ಮದುವೆಯಾದೆ. ಅದು ಚಿಕ್ಕ ಮದುವೆ, ಊರಿಗೆಲ್ಲ ಉಣ್ಣಿಸುವ ದೊಡ್ಡ ಮದುವೆ ಆಗಲಿ, ಆಮೇಲೆ ನೋಡೋಣ ಎಂದಿರಿ. ಅಷ್ಟರಲ್ಲಿ ಮೀಸೆ ಬೆಳ್ಳಗಾಯಿತು.

ನಿರಾಕರಿಸಿದವು ಇವು. ಈ ಚೌಕದಲ್ಲಿ ಬಾಯಿ ತೆರೆಯುವ ಹಕ್ಕು. ಮಸೀದಿಯ ಮೊದಲ ಸಾಲು. ಹಬ್ಬದ ಹೋರಿಯ ತೊಡೆ ಮಾಂಸ. ಬೆನ್ನಿಗೆ ಗೋಡೆ ಇರುವ ಕಲ್ಲು ಬೆಂಚು. ನನ್ನ ಬೆನ್ನು ನೋವಿಗೆ ರಾಜಧಾನಿ ಮೊರೋನಿಯ ವೈದ್ಯರು ಮುಲಾಮು ಬರೆದುಕೊಟ್ಟರು. ಮುಲಾಮು ಯಾತಕ್ಕೆ? ಒಂದು ಸಾಲು ಮುಂದೆ ಕೂರಿಸಿದ್ದರೆ ಸಾಕಿತ್ತು.

ಕ್ಷಮಿಸಬೇಕು, ಸಂಬೋಧನೆ ಮರೆತೆ. ಬಂದರಿನ ಕೂಲಿಕಾರರ ಸಂಘದಲ್ಲಿ ಭಾಷಣ ಕಲಿತವನು ನಾನು. ಅಲ್ಲಿ ಮೊದಲು ಬೇಡಿಕೆ, ಆಮೇಲೆ ಸಲಾಮು. ಇಲ್ಲಿ ಅದರ ತಿರುಗುಮುರುಗು. ಆಗಲಿ.

ಈ ಸನ್ಮಾನ ಸಭೆಯ ಅಧ್ಯಕ್ಷರೂ, ನನ್ನ ಹೆಂಡತಿಯ ಸೋದರಮಾವನೂ, ಈಗಷ್ಟೇ ಅನ್ನದ ಹಂಡೆ ಕೆದಕಿ ಬಂದು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿರುವವರೂ ಆದ ತೊಯಿಹಿರ್ ಮಾವನವರೇ, ಮುಂದಿನ ಬೆಂಚಿನ ಹಿರಿಯರೇ, ಅವರಲ್ಲಿ ದೊಡ್ಡ ಮದುವೆ ಆಗಿರುವ ಇಪ್ಪತ್ತಾರು ವರ್ಷದ ಹಿರಿಯರಾದ ನಸೂರ್ ಅವರೇ, ಹಿಂದಿನ ಬೆಂಚಿನ ಹುಡುಗರೇ, ಅವರಲ್ಲಿ ಅರವತ್ತೆಂಟು ವರ್ಷದ ಹುಡುಗನಾದ ನನ್ನ ಗೆಳೆಯ ಬಕಾರಿಯೇ, ಮೇಲಿನ ಕಿಟಕಿಗಳ ಹಿಂದೆ ಚಂದನ ಬಳಿದ ಮುಖಗಳನ್ನು ಮರೆಮಾಡಿಕೊಂಡು ಒಂದಕ್ಷರ ಬಿಡದೆ ಕೇಳುತ್ತಿರುವ ತಾಯಂದಿರೇ, ಸಭಿಕರೇ.

ಮಾವ ನನ್ನನ್ನು ಇಲ್ಲಿ ನಿಲ್ಲಿಸುವಾಗ ಹೇಳಿದ್ದು ಇಷ್ಟು: "ಅನ್ನ ಇನ್ನೂ ಬೆಂದಿಲ್ಲ ಕಣಪ್ಪ ಬೊಯ್ನಾಹೇರಿ. ಬೇಯೋ ತನಕ ಏನಾದ್ರೂ ಮಾತಾಡ್ತಿರು. ಹಂಗೇ ಆ ಹುಡುಗರಿಗೂ ನಾಲ್ಕು ಬುದ್ಧಿಮಾತು ಹೇಳಿ ಎಬ್ಬಿಸು." ಹಾಗಾಗಿ ಈ ಭಾಷಣದ ಉದ್ದ ನನ್ನ ಕೈಯಲ್ಲಿಲ್ಲ. ಹಸಿ ಸೌದೆಯ ಕೈಯಲ್ಲಿದೆ.

ಅನ್ನ ಏಕೆ ಬೆಂದಿಲ್ಲ? ನಿಮಗೆಲ್ಲ ಗೊತ್ತು. ಆದರೂ ಮುಂದಿನ ಪೀಳಿಗೆಯವರು ಕೇಳಿದರೆ ಹೇಳಲು ಇರಲಿ. ಹಂಡೆ ಹೊರುವವರು, ಹೋರಿ ಕೊಯ್ಯುವವರು, ಒಲೆ ಹೂಡುವವರು, ತಮ್ಮಟೆ ಬಡಿಯುವವರು ಎಲ್ಲರೂ ಮುಷ್ಕರದಲ್ಲಿದ್ದಾರೆ. ಮುಷ್ಕರ ಕರೆದವರು ಯಾರು? ನಮ್ಮ ಹಾಂಬುಲಿ ಊರಿನ ಹುಡುಗರ ಸಂಘ. ಆ ಸಂಘದ ಅಧ್ಯಕ್ಷ ಯಾರು? ನಾನು. ಇವತ್ತಿನ ಮದುಮಗ ಯಾರು? ಅವನೂ ನಾನೇ.

ನಗಿ, ಪರವಾಗಿಲ್ಲ. ನಾನೂ ಬೆಳಿಗ್ಗೆ ನಕ್ಕೆ. ಹಸಿವಾದ ಮೇಲೆ ನಿಲ್ಲಿಸಿದೆ.

ಇದು ಹೇಗಾಯಿತು? ರಂಜಾನ್ ಮುಗಿದ ಮೇಲೆ ನಮ್ಮ ಸಂಘ ಒಂದು ತೀರ್ಮಾನ ಮಾಡಿತು. ಫ್ರಾನ್ಸಿನ ಮಾರ್ಸೇಲ್‌ನಿಂದ ನೆಂಟರೆಲ್ಲ ಬಂದಿಳಿಯುವ ಈ ಹಂಗಾಮಿನ ಮೊದಲ ದೊಡ್ಡ ಮದುವೆಯಲ್ಲಿ ನಮ್ಮಲ್ಲಿ ಯಾರೂ ಒಂದು ಸೌಟನ್ನೂ ಮುಟ್ಟಕೂಡದು. ಬೇಡಿಕೆ ಒಂದೇ: ಹುಡುಗನೊಬ್ಬ ಈ ಚೌಕದಲ್ಲಿ ಎದ್ದು ನಿಂತು ಮಾತನಾಡಬೇಕು, ಹಿರಿಯರು ಕೂತು ಕೇಳಬೇಕು. ಅದಾಗುವ ತನಕ ಮುಷ್ಕರ. ಮೇಜು ಗುದ್ದಿ ಈ ತೀರ್ಮಾನ ಮಾಡಿಸಿದವನು ನಾನು. ಆಗ ಮೊದಲ ಮದುವೆ ಬೇರೆ ಯಾರದೋ ಆಗಬೇಕಿತ್ತು. ಅವರ ಚಿನ್ನ ದುಬೈಯಿಂದ ಬರುವುದು ತಡವಾಯಿತು, ನನ್ನ ಹೆಂಡತಿಯ ಕಡೆಯವರ ವಿಮಾನ ಬೇಗ ಬಂತು. ಮೊದಲ ಮದುವೆ ನನ್ನದಾಯಿತು.

ನಾನು ಸಂಘದ ಸಭೆ ಕರೆದು, "ಮೊದಲ ಮದುವೆ ಬಿಟ್ಟು ಎರಡನೇದು ಹಿಡಿಯೋಣ" ಎಂದೆ. ಬಕಾರಿ ಎದ್ದ.

"ಯಾಕೋ?"

"ಎರಡನೇದ್ರಲ್ಲಿ ಜನ ಜಾಸ್ತಿ ಸೇರ್ತಾರೆ ಕಣೋ."

"ಹೌದಾ. ಗೆಳೆಯನ ಮದುವೆ ಅಂತ ಮುಷ್ಕರ ಬಿಟ್ಟುಕೊಟ್ರೆ ಅದು ಮುಷ್ಕರವೇನೋ, ಮುಯ್ಯೇನೋ?"

ಬಂದರಿನಲ್ಲಿ ನಾನೇ ಹೇಳುತ್ತಿದ್ದ ಮಾತು ಅದು. ನನ್ನ ಮಾತನ್ನೇ ತೊಳೆದು, ಒಣಗಿಸಿ, ಮಡಿಚಿ ನನಗೇ ತಂದುಕೊಟ್ಟ. ಕೈ ಎತ್ತಿಸಿದೆವು. ವಿರೋಧಕ್ಕೆ ಎದ್ದದ್ದು ಒಂದು ಕೈ. ಆ ಕೈಗೆ ಇವತ್ತು ಗೋರಂಟಿ ಹಚ್ಚಿದೆ, ನೋಡಿ.

ಹಿರಿಯರೇ, ನೀವು ಧೃತಿಗೆಡಲಿಲ್ಲ. ನಿಮ್ಮನ್ನು ಮೆಚ್ಚಬೇಕು. "ನಾವೇ ಬೇಯಿಸ್ತೀವಿ, ಏನು ಮಹಾ" ಎಂದಿರಿ. ತೋಳು ಮಡಿಚಿದಿರಿ. ಆದರೆ ಅನ್ನ ಕೆದಕುವುದಕ್ಕೂ ಹಿರಿತನದ ಪ್ರಕಾರ ಸಾಲು ನಿಂತಿರಲ್ಲ, ಅದೇ ಎಡವಟ್ಟಾಯಿತು. ಮೊದಲ ಸೌಟು ಎಲ್ಲರಿಗಿಂತ ಹಿರಿಯರಾದ ತೊಯಿಹಿರ್ ಮಾವನೇ ಆಡಿಸಬೇಕು. ಮಾವ ನಮಾಜಿನಲ್ಲಿದ್ದರು. ಮಾವ ನಮಾಜು ಮುಗಿಸಿ, ತಸ್ಬಿ ಮಣಿ ಎಣಿಸಿ, ಟೋಪಿ ಸರಿಮಾಡಿಕೊಂಡು ಬರುವ ತನಕ ಇಷ್ಟು ಜನ ಗಂಡಸರು ಕೈಯಲ್ಲಿ ಸೌಟು ಹಿಡಿದು, ತಳ ಹತ್ತುತ್ತಿರುವ ಹಂಡೆಯ ಸುತ್ತ ಮರ್ಯಾದೆಯಿಂದ ನಿಂತಿದ್ದಿರಿ. ಒಬ್ಬರಾದರೂ ಕೈ ಹಾಕಿದಿರಾ? ಇಲ್ಲ. ಶಿಸ್ತು ಎಂದರೆ ಅದು. ಈಗ ಬೇಯುತ್ತಿರುವುದು ಎರಡನೆಯ ಹಂಡೆ.

ನಮ್ಮದು ದ್ವೀಪಗಳ ದೇಶ. ಈ ಒಂದು ದ್ವೀಪದಲ್ಲೇ ಎಷ್ಟೊಂದು ಸುಲ್ತಾನರಿದ್ದರು, ಒಬ್ಬರ ಮೇಲೊಬ್ಬರು ಬಿದ್ದು ಹೋದರು. ಫ್ರೆಂಚರು ಬಂದರು, ಹೋದರು. ಬಾವುಟ ಬಂತು, ಬಾವುಟದ ಬಣ್ಣ ಬದಲಾಯಿತು. ಸೈನಿಕರು ರಾತ್ರಿ ಬಂದು ಸರ್ಕಾರ ಬೀಳಿಸಿದರು, ಬೆಳಿಗ್ಗೆ ಬೇರೆಯವರು ಬಂದು ಎತ್ತಿದರು. ಕರ್ತಾಲ ಬೆಟ್ಟ ಬೆಂಕಿ ಕಾರಿತು. ಇಷ್ಟೆಲ್ಲ ಆದರೂ ಹಾಂಬುಲಿಯ ಹಿಂದಿನ ಬೆಂಚು ಕದಲಿತೇ? ಈ ದೇಶದಲ್ಲಿ ಸರ್ಕಾರ ಬೀಳಿಸುವುದು ಸುಲಭ ಸ್ವಾಮಿ, ಈ ಚೌಕದಲ್ಲಿ ಒಂದು ಸಾಲು ಮುಂದೆ ಬರುವುದು ಕಷ್ಟ. ಮೊರೋನಿಯಲ್ಲಿ ನಾನು ಮೈಕು ಹಿಡಿದರೆ ಮಂತ್ರಿಗಳು ಕಾರಿನ ಗಾಜು ಏರಿಸುತ್ತಿದ್ದರು. ಸಂಜೆ ಬಸ್ಸಿಳಿದು ಊರಿಗೆ ಬಂದರೆ ನಸೂರ್ ಕರೆಯುತ್ತಿದ್ದ: "ಏ ಮಗಾ, ಆ ಕುರ್ಚಿ ಈ ಕಡೆ ತಾ." ಅವನಿಗೆ ಮೊದಲ ಹಲ್ಲು ಬಂದಾಗ ಕಚ್ಚಿದ್ದು ನನ್ನ ಬೆರಳನ್ನು. ತರುತ್ತಿದ್ದೆ, ಕುರ್ಚಿ.

ಆದರೆ ನನ್ನ ಕಥೆ ದೊಡ್ಡದಲ್ಲ. ಬಕಾರಿಯ ಮೇಕೆಯ ಕಥೆ ಹೇಳುತ್ತೇನೆ.

ಹೋದ ವರ್ಷ ಈ ಚೌಕಕ್ಕೆ ಒಂದು ಕಪ್ಪು ಮೇಕೆ ಬಂತು. ಯಾರದು ಎಂದು ಹಿರಿಯರು ವಿಚಾರಣೆಗೆ ಕೂತಿರಿ. ಮೇಕೆಯನ್ನು ನಡುವೆ ನಿಲ್ಲಿಸಿದಿರಿ. ಅದು ಬಕಾರಿಯದು. ಬಕಾರಿ ಅಲ್ಲೇ, ಈಗ ಕೂತಿದ್ದಾನಲ್ಲ, ಅದೇ ಕಲ್ಲಿನ ಮೇಲೆ ಕೂತಿದ್ದ. ಬಾಯಿ ಬಿಡುವಂತಿಲ್ಲ. ಅವನ ಪರವಾಗಿ ಮಾತನಾಡಬೇಕಿದ್ದ ಸೋದರಮಾವ ಮಾರ್ಸೇಲ್‌ನಲ್ಲಿ. ಮೇಕೆ ಅವನನ್ನು ನೋಡಿ ಅರಚಿತು. ಮೇಕೆಗೆ ಮಾತನಾಡುವ ಹಕ್ಕಿತ್ತು. ಬಕಾರಿ ಕೆಮ್ಮಿದ. ಇನ್ನೂ ಜೋರಾಗಿ ಕೆಮ್ಮಿದ. ಮೇಕೆ ಅರಚುವುದು, ಇವನು ಕೆಮ್ಮುವುದು, ಇಳಿಹೊತ್ತಿನ ಅಸರ್ ನಮಾಜಿನಿಂದ ಹೊತ್ತು ಮುಳುಗುವ ಮಗ್ರಿಬ್ ತನಕ ಇದೇ ನಡೆಯಿತು. ಕೊನೆಗೆ ತೊಯಿಹಿರ್ ಮಾವ ಎದ್ದು, "ಆ ಹುಡುಗನಿಗೆ ಎದೆ ಕಟ್ಟಿದೆ, ಪಾಪ. ಲವಂಗ ಜಜ್ಜಿ ಜೇನುತುಪ್ಪದಲ್ಲಿ ಕೊಡ್ರಪ್ಪ" ಎಂದರು. ಅದನ್ನು ಸರ್ವಾನುಮತದಿಂದ ಒಪ್ಪಿದಿರಿ. ಮೇಕೆಗೆ ವಾರಸುದಾರರಿಲ್ಲ ಎಂದು ತೀರ್ಮಾನಿಸಿ ಪ್ರವಾದಿ ಹುಟ್ಟಿದ ದಿನದ ಮೌಲೂದ್ ಊಟಕ್ಕೆ ಕೊಯ್ಯಿಸಿದಿರಿ. ಹಂಡೆ ಹೊರಲು ಯಾರನ್ನು ಕರೆದಿರಿ? ಬಕಾರಿಯನ್ನು. ತನ್ನ ಮೇಕೆಯನ್ನು ತಾನೇ ತಲೆಯ ಮೇಲೆ ಹೊತ್ತು ಬಡಿಸಿದ. ಅವನ ಪಾಲಿಗೆ ಬಂದದ್ದು ಹುಡುಗರ ಪಾಲು, ಕುತ್ತಿಗೆಯ ಮೂಳೆ. ಆ ಮೂಳೆಯಲ್ಲಿ ಅವನೇ ಕಟ್ಟಿದ್ದ ಹಗ್ಗದ ಗುರುತಿತ್ತು ಎಂದು ಅವನು ಹೇಳುತ್ತಾನೆ. ಅದು ಉತ್ಪ್ರೇಕ್ಷೆ. ಉಳಿದದ್ದು ನಿಜ.

ಜೇನುತುಪ್ಪ ಮಾತ್ರ ಚೆನ್ನಾಗಿತ್ತಂತೆ. ಇಂಥ ಊರು ಇದು. ಕೆಮ್ಮಿಗೆ ಔಷಧಿ ಕೊಡುತ್ತದೆ, ಮಾತಿಗೆ ಜಾಗ ಕೊಡುವುದಿಲ್ಲ.

ಈಗ ನನ್ನ ಮದುವೆಯ ವಿಷಯ. ಹೆಂಡತಿ ಮೊಯ್ನೇಶಾಳನ್ನು ನೀವೆಲ್ಲ ಬಲ್ಲಿರಿ. ಮನೆ ಅವಳದು, ಅವಳ ತಾಯಿಯದು, ಅವಳ ಅಜ್ಜಿಯದು. ನಾನು ಅಲ್ಲಿ ಮೂರು ದಶಕದ ಅತಿಥಿ. ಮೂರು ಮಕ್ಕಳಾದವು, ಮೊಮ್ಮಕ್ಕಳೂ ಆದವು. ಆದರೂ ದೊಡ್ಡ ಮದುವೆಯಲ್ಲಿ ಮದುಮಗ ಹೊರಗಿನಿಂದ ಮೆರವಣಿಗೆಯಲ್ಲಿ ಬರಬೇಕಲ್ಲ? ಒಂದು ವಾರ ಮೊದಲು ನನ್ನ ದಿಂಬು ಸಮೇತ ನನ್ನನ್ನು ಎದುರು ಓಣಿಯ ತಂಗಿಯ ಮನೆಗೆ ಕಳಿಸಿದರು. ಇವತ್ತು ಬೆಳಿಗ್ಗೆ ಜರಿ ನಿಲುವಂಗಿ ತೊಡಿಸಿ, ಹಿರಿಯರೇ ತಮ್ಮಟೆ ಬಡಿದು, ನಸೂರ್ ಕೊಡೆ ಹಿಡಿದು, ಓಣಿ ದಾಟಿಸಿದರು. ಓಣಿ ಎಷ್ಟು ಅಗಲ? ಎರಡು ಕತ್ತೆ ಎದುರಾದರೆ ಒಂದು ಹಿಂದೆ ಸರಿಯಬೇಕು. ಮೆರವಣಿಗೆ ನೇರವಾಗಿ ದಾಟದೆ ಮಸೀದಿಯನ್ನು ಎರಡು ಸುತ್ತು ಹಾಕಿ ಬಂದದ್ದು ದಾರಿಯಲ್ಲಿ ಕೆಸರಿದ್ದ ಕಾರಣಕ್ಕೆ. ತಿಂಗಳಿನಿಂದ ಮಳೆ ಇಲ್ಲ ಎಂದು ಯಾರೋ ಹಿಂದಿನಿಂದ ಗೊಣಗುತ್ತಿದ್ದೀರಿ. ಕೆಸರು ಎಂದರೆ ಕೆಸರು. ನಿಲುವಂಗಿಯ ಅಂಚು ಹಾಳಾಗಬಾರದಲ್ಲ. ಹೆಗಲ ಮೇಲಿನ ಈ ಚಿನ್ನದ ದಾರದ ಕೆಲಸ ಬಿಸಿಲಿಗೆ ತಿರುಗಿದರೆ ಬಹಳ ಚೆನ್ನಾಗಿ ಕಾಣುತ್ತದೆ ಎಂದು ನನಗೆ ಬೇರೆಯವರು ಹೇಳಿದರು. ಹೀಗೆ ತಿರುಗಿದರೆ. ಕಂಡಿತೇ? ಇರಲಿ.

ಬಾಗಿಲಲ್ಲಿ ಮಾವ ಕೈ ಅಡ್ಡ ಹಿಡಿದು ಸಂಪ್ರದಾಯದಂತೆ ಕೇಳಿದರು: "ಯಾರಪ್ಪ ನೀನು? ಎಲ್ಲಿಂದ ಬಂದೆ?"

"ಮಾವ, ಮೊನ್ನೆ ನಿಮ್ಮ ರೇಡಿಯೋಗೆ ಬ್ಯಾಟರಿ ಹಾಕಿಕೊಟ್ಟೆನಲ್ಲ" ಎಂದೆ. ಹಾಗೆ ಹೇಳಬಾರದಿತ್ತಂತೆ. ಮತ್ತೆ ಮೊದಲಿನಿಂದ ಕೇಳಿದರು. ಒಳಗಿನಿಂದ ಮೊಮ್ಮಗಳು ಓಡಿಬಂದು ನಿಲುವಂಗಿ ಹಿಡಿದು, "ತಾತ, ನಮ್ಮನೆಗೆ ಬಂದ್ರಾ? ಎಷ್ಟು ದಿನ ಇರ್ತೀರಾ?" ಎಂದಳು. "ಅನ್ನ ಬೆಂದ ಮೇಲೆ ಹೇಳ್ತೀನಿ" ಎಂದೆ.

ಏಕೆಂದರೆ ವಿಷಯ ಇಲ್ಲಿ ಬಂದು ನಿಂತಿದೆ. ನಮ್ಮ ಊರಿನ ಕಟ್ಟಳೆ ಏನು? ಊರು ಮದುಮಗನ ಹಂಡೆಯ ಅನ್ನ ಉಂಡ ಮೇಲೆಯೇ ಅವನು ಹಿರಿಯ. ಉಣ್ಣದಿದ್ದರೆ, ಮೆರವಣಿಗೆ ಮಸೀದಿಯನ್ನು ಹತ್ತು ಸುತ್ತು ಹಾಕಿದ್ದರೂ, ಅವನು ಹುಡುಗನೇ. ಎರಡನೆಯ ಹಂಡೆಯೂ ತಳ ಹಿಡಿದರೆ ಈ ಮದುವೆ ಆಗಲೇ ಇಲ್ಲ. ಹುಡುಗರನ್ನು ಎಬ್ಬಿಸಿದರೆ ಹೊತ್ತು ಮುಳುಗುವುದರೊಳಗೆ ಊಟ, ನಾನು ಮುಂದಿನ ಬೆಂಚಿಗೆ. ಎಬ್ಬಿಸದಿದ್ದರೆ ಈ ನಿಲುವಂಗಿ ಬಿಚ್ಚಿಕೊಟ್ಟು ಬಕಾರಿಯ ಪಕ್ಕಕ್ಕೆ. ಮಾವ ಬಹಳ ಲೆಕ್ಕ ಹಾಕಿಯೇ ನನ್ನ ಕೈಗೆ ಮೈಕು ಕೊಟ್ಟರು. ಮುಷ್ಕರವನ್ನು ಅದರ ಅಧ್ಯಕ್ಷನಿಂದಲೇ ಮುರಿಸುವುದು! ಬಂದರಿನ ಮಾಲೀಕರಿಗೂ ಇಷ್ಟು ಬುದ್ಧಿ ಇರಲಿಲ್ಲ ಮಾವ. ಅವರು ಪೊಲೀಸರನ್ನು ಮಾತ್ರ ಕಳಿಸುತ್ತಿದ್ದರು. ನಿಲುವಂಗಿ ಕೊಟ್ಟಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ.

ಅರ್ಧ ಗಂಟೆಯ ಹಿಂದೆ ನಾನು ಮೇಲೆ ಹೋಗಿ, ಮದುಮಗಳಾಗಿ ಹಾಸಿಗೆಯ ಮೇಲೆ ಕೂತಿದ್ದ ಮೊಯ್ನೇಶಾಳನ್ನು ಕೇಳಿದೆ. ಇದು ಕಟ್ಟಳೆಗೆ ವಿರುದ್ಧ, ಮನ್ನಿಸಿ. ಮುಖದ ತುಂಬ ಚಂದನ. ನಕ್ಕರೆ ಬಿರುಕು ಬಿಡುತ್ತದೆ ಎಂದು ತುಟಿ ಬಿಗಿಹಿಡಿದೇ ಮಾತನಾಡಿದಳು.

"ಏನು ಸಂಘದೋರೇ, ಮುಖ ಯಾಕೆ ಹಂಗಾಗಿದೆ?"

"ಹುಡುಗರನ್ನ ಎಬ್ಬಿಸು ಅಂತಾರೆ ನಿಮ್ಮ ಮಾವ. ಎಬ್ಬಿಸದಿದ್ರೆ ನಿನ್ನ ಮದುವೆ ನಿಂತುಹೋಗತ್ತೆ."

"ನನಗೆ ಯಾವಾಗ್ಲೋ ಮದುವೆ ಆಗಿದೆ. ಮೂರು ಹೆತ್ತೂ ಆಗಿದೆ. ನಿಮಗೆ ಬೇಕಾಗಿರೋದು ಮದುವೆ ಅಲ್ಲ, ಮೈಕು."

"ಊಟ ಆದ್ಮೇಲೆ ಹಿರಿಯನಾಗಿ ನಿಂತು ಗಟ್ಟಿಯಾಗಿ ಮಾತಾಡ್ತೀನಿ ಬಿಡು. ಈಗ ಬೇಡ."

"ಊಟ ಆದ್ಮೇಲೆ ಮಾತಾಡಿದ್ರೆ ಏನು ಬಂತು? ಊಟಕ್ಕೆ ಮುಂಚೆ ಮಾತಾಡಿ."

ನನಗೆ ಅರ್ಥವಾಗಲಿಲ್ಲ. ಹಸಿದವರಿಗೆ ಭಾಷಣ ಹಿಡಿಸುವುದಿಲ್ಲ ಎಂದೆ. ಅವಳು ಹಣೆ ಚಚ್ಚಿಕೊಳ್ಳಲು ಕೈ ಎತ್ತಿ, ಚಂದನ ನೆನಪಾಗಿ ಕೈ ಇಳಿಸಿದಳು. "ಮೂವತ್ತು ವರ್ಷ ಸಂಘ ನಡೆಸಿದೀರಂತೆ. ಹೋಗಿ, ಯೋಚನೆ ಮಾಡ್ಕೊಂಡು ಮೆಟ್ಟಿಲಿಳೀರಿ."

ಮೆಟ್ಟಿಲಿಳಿಯುವಾಗ ಹೊಳೆಯಲಿಲ್ಲ. ಇಲ್ಲಿ ನಿಂತಾಗಲೂ ಹೊಳೆಯಲಿಲ್ಲ. ಮೇಕೆಯ ಕಥೆ ಹೇಳುವಾಗ ನೀವು ನಕ್ಕಿರಲ್ಲ, ಮಾವ ಟೋಪಿ ತೆಗೆದು ಗಾಳಿ ಹಾಕಿಕೊಂಡರಲ್ಲ, ಆಗ ಹೊಳೆಯಿತು.

ಹಿರಿಯರೇ, ಅನ್ನ ಬೆಂದಿಲ್ಲ. ಊರು ಉಂಡಿಲ್ಲ. ನಿಮ್ಮದೇ ಕಟ್ಟಳೆಯ ಪ್ರಕಾರ, ಈ ಕ್ಷಣದ ತನಕ ನಾನು ಹಿರಿಯನಲ್ಲ. ಹಾಗಾದರೆ ಇಷ್ಟು ಹೊತ್ತು ಈ ಚೌಕದಲ್ಲಿ ಮಾತನಾಡಿದವನು ಯಾರು?

ಒಬ್ಬ ಹುಡುಗ.

ಎದ್ದು ನಿಂತು ಮಾತನಾಡಿದ. ನೀವು ಕೂತು ಕೇಳಿದಿರಿ. ನಡುವೆ ಎದ್ದು ಹೋಗಲಿಲ್ಲ. ಮೈಕು ಕೊಟ್ಟವರು ಅಧ್ಯಕ್ಷರೇ. ಆಕಾಶ ಬಿತ್ತೇ? ಕರ್ತಾಲ ಸಿಡಿಯಿತೇ? ಮಸೀದಿಯ ಗೋಡೆ ಅಲ್ಲೇ ಇದೆ, ಎರಡು ಸುತ್ತು ಹಾಕಿ ನೋಡಿದ್ದೇನೆ. ಈ ಮಾತು ಸಲ್ಲುವುದಿಲ್ಲ ಎನ್ನಬೇಕಾದರೆ ನಾನು ಹಿರಿಯನೆಂದು ನೀವು ಒಪ್ಪಬೇಕು. ಊಟವಿಲ್ಲದೆ ಹಿರಿಯನಾಗಬಹುದು ಎಂದು ಒಪ್ಪಿದರೆ ಬಕಾರಿಯೂ ಹಿರಿಯನೇ, ಈ ಬೆಂಚು ಪೂರ್ತಿ ಹಿರಿಯರೇ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ನಮಗೆ ಎರಡೂ ಆಗುತ್ತದೆ.

ನಸೂರ್, ಬಾಯಿ ಮುಚ್ಚಿಕೋ, ನೊಣ ಹೋದೀತು. ಮಾವ, ನಗುವುದಾದರೆ ಜೋರಾಗಿಯೇ ನಗಿ. ಮೇಲೆ ಕಿಟಕಿಯಲ್ಲಿ ಯಾರದೋ ಚಂದನ ಬಿರುಕು ಬಿಟ್ಟಿತು, ನನಗೆ ಇಲ್ಲಿಗೇ ಕಾಣಿಸುತ್ತಿದೆ.

ಸಂಘದ ಸದಸ್ಯರೇ, ಬೇಡಿಕೆ ಈಡೇರಿದೆ. ಅಧ್ಯಕ್ಷನಾಗಿ ಮುಷ್ಕರ ಹಿಂತೆಗೆದುಕೊಂಡಿದ್ದೇನೆ. ಬಕಾರಿ, ಏಳೋ, ಆ ಹಂಡೆಯನ್ನು ಇವರ ಕೈಯಿಂದ ಬಿಡಿಸು, ಊರು ಹಸಿದಿದೆ. ಊಟವಾದ ಮೇಲೆ ಇವರು ನನ್ನನ್ನು ಹಿರಿಯ ಎಂದರೆ ಸಂತೋಷ. ಇಲ್ಲವೆಂದರೆ ನಿನ್ನ ಪಕ್ಕದಲ್ಲಿ ಜಾಗ ಇಟ್ಟಿರು. ಎರಡರಲ್ಲಿ ಯಾವುದಾದರೂ ಆಗಲಿ, ಈ ನಿಲುವಂಗಿ ಮಾತ್ರ ಬಿಚ್ಚುವುದಿಲ್ಲ.

ಹಸಿದ ಹೊಟ್ಟೆಯಲ್ಲಿ ಕೂತು ಕೇಳಿದ್ದಕ್ಕೆ ಹಿರಿಯರಿಗೆ, ಕೈಕಟ್ಟಿ ಕೂತು ಗೆದ್ದದ್ದಕ್ಕೆ ಹುಡುಗರಿಗೆ, ಹಸಿ ಸೌದೆ ತಂದ ಪುಣ್ಯಾತ್ಮನಿಗೆ, ಮೇಲಿನ ಕಿಟಕಿಗೆ ನನ್ನ ಕೃತಜ್ಞತೆಗಳು, ನಮಸ್ಕಾರ.

ಮುಂದಿನ ಸಭೆ ಬರುವ ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ, ಇದೇ ಚೌಕದಲ್ಲಿ. ಮಾತನಾಡುವವರು ಬಕಾರಿ. ವಿಷಯ: ಮೇಕೆ.